ಡೀಸೆಲ್ ಉಳಿತಾಯ ತೋರ್ಸೋ ಡ್ಯಾಶ್‌ಬೋರ್ಡ್: ಪುಣೆಯ ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿಂದ ಒಂದು ರಿವ್ಯೂ

ಮೊದ್ಲೇ ತೀರ್ಪು ಹೇಳ್ಬಿಡ್ತೀನಿ, ಓದೋಕೆ ಟೈಮ್ ಇಲ್ದೋರು ಇಲ್ಲೇ ಬಿಡ್ಬೋದು. ಟ್ಯಾಂಕಲ್ಲಿ ಕೂರ್ಸೋ ಸೆನ್ಸರ್ರು, ಗಾಡಿ ಕಂಪ್ಯೂಟರಿಂದ ಡೇಟಾ ಎಳೆಯೋ ಡಬ್ಬಿ, ಇವೆರಡಕ್ಕೂ ಕೊಟ್ಟ ದುಡ್ಡು ಸಾರ್ಥಕ. ಅದರ ಮೇಲೆ ‘ಫ್ಯೂಯೆಲ್ ಅನಲಿಟಿಕ್ಸ್’ ಅಂತ ತಿಂಗಳ ಬಾಡಿಗೆಗೆ ಮಾರ್ತಾರಲ್ಲ, ಹಸಿರು ಬಾಣ, ಶೇಕಡಾವಾರು, ಡ್ರೈವರ್ ರ‍್ಯಾಂಕಿಂಗ್, ಅದು ಬೇಡ. ಅಥ್ವಾ ತಗೊಂಡ್ರೂ ಅದರಲ್ಲಿರೋ, ಡೇಟಾ ಇಳಿಸ್ಕೊಳ್ಳೋ ಎಕ್ಸ್‌ಪೋರ್ಟ್ ಬಟನ್‌ಗೋಸ್ಕರ ಮಾತ್ರ ತಗೊಳ್ಳಿ.

ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಡೆಮೋ ತೋರ್ಸೋಕೆ ಬಂದಿದ್ದ ಬೇರೆಯವ್ರ ಸ್ಕ್ರೀನೂ ಹೆಚ್ಚೂ ಕಡಿಮೆ ಇದೇ ಥರ ಇತ್ತು, ಬಣ್ಣ ಅಷ್ಟೇ ಬೇರೆ. ಹಾಗಾಗಿ ಇದು ಒಬ್ರ ಮೇಲಿನ ದೂರು ಅಂತ ತಗೋಬೇಡಿ, ಈ ಜಾತಿಯ ಸಾಮಾನಿನ ರಿವ್ಯೂ ಅನ್ಕೊಳ್ಳಿ.

ನಾನಿರೋದು ಪುಣೆ, ನಿಗಡಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಲೆಕ್ಕ ಪತ್ರ ನೋಡ್ಕೊಳ್ಳೋದು. ಸಾವ್ಕಾರ್ರು ಅಥಣಿ ಕಡೆಯವ್ರು, ಡ್ರೈವರ್‌ಗಳಲ್ಲಿ ಮುಕ್ಕಾಲು ಪಾಲು ಅಥಣಿ, ಇಂಡಿ, ಜತ್ತ ಕಡೆಯ ಹುಡುಗ್ರು, ಆಫೀಸಲ್ಲಿ ಕನ್ನಡ ಮರಾಠಿ ಹಿಂದಿ ಎಲ್ಲ ಕಲಸ್ಕೊಂಡು ನಡೆಯುತ್ತೆ. ಗಾಡಿಗಳು ಕೆಲವು ಐಚರ್, ಅದರಲ್ಲಿ ಹಳೇ ಹೊಗೆ ನಿಯಮದ ಬಿಎಸ್ 4 ಇವೆ, 2020ರ ನಂತರದ ನಿಯಮದ ಬಿಎಸ್ 6 ಇವೆ. ಎರಡು ಲೈನು. ಒಂದು ಚಾಕಣ ಭೋಸರಿಯಿಂದ ಆಟೋ ಪಾರ್ಟ್ಸ್ ಡಬ್ಬಾ ಹಾಕ್ಕೊಂಡು ಎಕ್ಸ್‌ಪ್ರೆಸ್‌ವೇ ಇಳಿದು ನವಿ ಮುಂಬಯಿ, ಬರ್ತಾ ಕಳಂಬೋಲಿಯಿಂದ ಸ್ಟೀಲ್. ಇನ್ನೊಂದು ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ ಹುಬ್ಬಳ್ಳಿ.

ಇದನ್ನ ಯಾಕೆ ತಗೊಂಡ್ವಿ ಅಂದ್ರೆ ಕಳ್ಳತನ ಹಿಡಿಯೋಕಲ್ಲ. ಅದೂ ಒಂದು ಉಪಯೋಗ ಇದೆ, ಆದ್ರೆ ನಮ್ಮ ತಲೆನೋವು ಬೇರೆ ಇತ್ತು. ಡೀಸೆಲ್ ಉಳಿಸ್ತೀನಿ ಅಂತ ಬರೋರು ವಾರಕ್ಕೊಬ್ರು. ಒಬ್ಬ ಡೀಸೆಲ್‌ಗೆ ಬೆರೆಸೋ ಬಾಟ್ಲಿ ಮಾರ್ತಾನೆ, ಒಬ್ಬ ಕ್ಯಾಬಿನ್ ಮೇಲೆ ಗಾಳಿ ಸೀಳೋ ಫೈಬರ್ ಹುಡ್ ಮಾರ್ತಾನೆ, ಟೈರ್ ಅಂಗಡಿಯವ್ನು ನೈಲಾನ್ ತೆಗೆದು ರೇಡಿಯಲ್ ಹಾಕಿ ಅಂತಾನೆ. ಎಲ್ರ ಬಾಯಲ್ಲೂ ಒಂದು ಪರ್ಸೆಂಟೇಜು. ಡೀಸೆಲ್ ಲೀಟರ್‌ಗೆ 90 ರೂಪಾಯಿ ಆಸುಪಾಸು ಇರೋವಾಗ ಸಾವ್ಕಾರ್ರಿಗೆ ಆಸೆ ಆಗೋದು ಸಹಜ, ಆದ್ರೆ ಅವ್ರು ಹುಷಾರಿ ಮನುಷ್ಯ, ‘ಹಾಕ್ಸೋದ್ ಹಾಕ್ಸೋಣ, ಖರೇ ಉಳೀತೋ ಇಲ್ಲೋ ಅನ್ನೋದ್ ನನಗ ಲೆಕ್ಕದಾಗ ತೋರ್ಸು’ ಅಂದ್ರು. ಆ ಲೆಕ್ಕ ತೋರ್ಸೋಕೆ ಈ ಸಿಸ್ಟಮ್ಮು.

ಮೊದ್ಲು ಒಳ್ಳೇದನ್ನ ಹೇಳ್ತೀನಿ, ಫಿಟಿಂಗು. ಹಳೇ ಗಾಡಿಗಳಿಗೆ ಟ್ಯಾಂಕಿನ ಮೇಲೆ ತೂತು ಕೊರೆದು ಒಂದು ಉದ್ದ ರಾಡ್ ಇಳಿಬಿಡ್ತಾರೆ, ಕೆಪ್ಯಾಸಿಟಿವ್ ಸೆನ್ಸರ್ ಅಂತ, ಒಳಗೆ ಡೀಸೆಲ್ ಎಷ್ಟು ಎತ್ತರ ಇದೆ ಅಂತ ಕರೆಂಟಿನ ಲೆಕ್ಕದಲ್ಲಿ ಹೇಳುತ್ತೆ. ಗಾಡಿಯ ಜೊತೆ ಬರೋ ತೇಲೋ ಬುರುಡೆಗಿಂತ ಇದು ಎಷ್ಟೋ ವಾಸಿ. ಆದ್ರೆ ಎತ್ತರ ಗೊತ್ತಾದ್ರೆ ಲೀಟರ್ ಗೊತ್ತಾದಂಗಲ್ಲ, ಟ್ಯಾಂಕಿನ ಮೂಲೆ ದುಂಡಗಿರುತ್ತೆ, ಎಲ್ಲೋ ಗುದ್ದಿ ತಗ್ಗಾಗಿರುತ್ತೆ. ಅದಕ್ಕೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಇಪ್ಪತ್ತಿಪ್ಪತ್ತು ಲೀಟರ್ ಅಳೆದು ಹಾಕ್ತಾ ಒಂದೊಂದು ಸಲಕ್ಕೂ ರೀಡಿಂಗ್ ಬರ್ಕೋಬೇಕು, ಇದಕ್ಕೆ ಕ್ಯಾಲಿಬ್ರೇಶನ್ ಅಂತಾರೆ. ಬಂದಿದ್ದ ಹುಡುಗ ಇದನ್ನ ತಾಳ್ಮೆಯಿಂದ ಮಾಡ್ದ, ಸಮತಟ್ಟು ಜಾಗ ಹುಡುಕಿ ಗಾಡಿ ನಿಲ್ಸಿ ಮಾಡ್ದ, ಅವನಿಗೆ ಫುಲ್ ಮಾರ್ಕ್ಸ್. ನೀವು ತಗೊಳ್ಳೋದಾದ್ರೆ ಇದೊಂದು ಕೆಲಸದ ಹತ್ರ ನಿಂತ್ಕೊಂಡು ನೋಡಿ. ‘ಈ ಮಾಡೆಲ್‌ದು ಟೇಬಲ್ ನಮ್ಮ ಹತ್ರ ರೆಡಿ ಇದೆ ಸರ್’ ಅಂತ ಯಾರಾದ್ರೂ ಹೇಳಿ ಅರ್ಧ ಗಂಟೆಲಿ ಮುಗ್ಸಿ ಹೋದ್ರೆ ಆಮೇಲಿನ ಎಲ್ಲಾ ಗ್ರಾಫೂ ದಂಡ.

ರಾಡ್‌ಗೆ ಘಾಟ್ ಅಂದ್ರೆ ಆಗಲ್ಲ. ಖಂಡಾಳಾದಲ್ಲಿ ಗಾಡಿ ಓರೆ ಆದ ಕೂಡ್ಲೇ ಡೀಸೆಲ್ ಟ್ಯಾಂಕಿನ ಒಂದು ಪಕ್ಕಕ್ಕೆ ಹೋಗುತ್ತೆ, ಗ್ರಾಫು ಏಕ್‌ದಂ ಇಳಿಯುತ್ತೆ, ಖೋಪೋಲಿ ಹತ್ರ ಬಂದ್ರೆ ಡೀಸೆಲ್ ತಾನಾಗೇ ಹುಟ್ಟಿದಂಗೆ ಮೇಲೆ ಏರುತ್ತೆ. ಸಾತಾರಾ ದಾರಿಯ ಖಂಬಾಟಕಿ ಘಾಟಲ್ಲೂ ಅದೇ. ಸಾಫ್ಟ್‌ವೇರ್ ಸರಾಸರಿ ತೆಗೆದು ಇದನ್ನ ನುಣ್ಣಗೆ ಮಾಡುತ್ತೆ, ಆದ್ರೂ ರಾತ್ರಿ ಒಂದು ಗಂಟೆಗೆ ‘ಫ್ಯೂಯೆಲ್ ಡ್ರೇನ್ ಅಲರ್ಟ್’ ಅಂತ ಫೋನ್ ಕೂಗೋದು ತಪ್ಪಿಲ್ಲ, ನೋಡಿದ್ರೆ ಡ್ರೈವರ್ ಚಹಾಕ್ಕೆ ಅಂತ ಇಳಿಜಾರಲ್ಲಿ ಗಾಡಿ ನಿಲ್ಸಿರ್ತಾನೆ. ರಾತ್ರಿ ಅಲರ್ಟ್ ಆಫ್ ಮಾಡೋ ಸೆಟ್ಟಿಂಗ್ ಇದೆ, ಮೊದಲ ವಾರವೇ ಹುಡುಕ್ಕೊಳ್ಳಿ.

ಬಿಎಸ್ 6 ಗಾಡಿಗಳಿಗೆ ರಾಡೇ ಬೇಡ, ಇದು ನನಗೆ ಅತಿ ಇಷ್ಟವಾದ ಭಾಗ. ಹೆವಿ ಗಾಡಿಗಳ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋಕೆ ಜೆ1939 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಅದರಲ್ಲಿ ಪ್ರತಿ ಸಂಗತಿಗೂ ಒಂದು ನಂಬರು. 183 ಅಂದ್ರೆ ಈ ಕ್ಷಣ ಗಂಟೆಗೆ ಎಷ್ಟು ಲೀಟರ್ ಉರೀತಿದೆ, 250 ಅಂದ್ರೆ ಇಂಜಿನ್ ಹುಟ್ಟಿದಾಗಿಂದ ಒಟ್ಟು ಎಷ್ಟು ಕುಡಿದಿದೆ, ಅರ್ಧರ್ಧ ಲೀಟರಿನ ಲೆಕ್ಕದಲ್ಲಿ. ಇದು ಓಡೋಮೀಟರ್ ಥರ, ಏರೋದೊಂದೇ ಗೊತ್ತು, ಘಾಟ್‌ಗೂ ಅಲುಗಾಡಲ್ಲ. ಟ್ರಿಪ್ ಶುರುವಿನ ನಂಬರು ಮುಗಿದಾಗಿನ ನಂಬರು ಕಳೆದ್ರೆ ಆ ಟ್ರಿಪ್ಪಿನ ಡೀಸೆಲ್. ಇದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದ್ರಿಂದ ಕಂಪ್ಯೂಟರ್ ಹಾಕ್ಕೊಂಡ ಅಂದಾಜು, ಪಂಪಿನ ಬಿಲ್ಲಿಗೆ ತಾಳೆ ನೋಡಿದ್ರೆ ಸ್ವಲ್ಪ ಆಚೀಚೆ ಬರುತ್ತೆ. ಬರ್ಲಿ. ತಪ್ಪು ಯಾವಾಗ್ಲೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಇದ್ರೆ ಹೋಲಿಕೆಗೆ ಏನೂ ತೊಂದ್ರೆ ಇಲ್ಲ. ಮೊದಲು ಮತ್ತು ನಂತರ ಎರಡನ್ನೂ ಅದೇ ತಕ್ಕಡಿಯಲ್ಲಿ ತೂಗ್ತೀವಲ್ಲ.

ಕಾರ್ ಇಟ್ಕೊಂಡೋರು ಆನ್‌ಲೈನಲ್ಲಿ ಸಿಗೋ ಅಗ್ಗದ ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್‌ಗೆ ಚುಚ್ಚೋ ಸಣ್ಣ ಡಬ್ಬಿ) ತಗೊಂಡು ಮೊಬೈಲ್ ಆಪಲ್ಲಿ ಮೈಲೇಜ್ ನೋಡ್ತಾರಲ್ಲ, ಅದರ ಬಗ್ಗೆ ಒಂದು ಮಾತು. ಪೆಟ್ರೋಲ್ ಕಾರಿಗೆ ಅದು ಪರವಾಗಿಲ್ಲ, ಯಾಕಂದ್ರೆ ಗಾಳಿ ಪೆಟ್ರೋಲ್ ಪ್ರಮಾಣ 14.7ಕ್ಕೆ 1ರ ಹತ್ರ ಇರುತ್ತೆ, ಒಳಗೆ ಹೋಗೋ ಗಾಳಿ ಅಳೆದ್ರೆ ಪೆಟ್ರೋಲ್ ಲೆಕ್ಕ ಸಿಗುತ್ತೆ. ಡೀಸೆಲ್ ಇಂಜಿನ್ ಹಾಗಲ್ಲ, ಅದು ಬೇಕಾದಷ್ಟು ಗಾಳಿ ಎಳ್ಕೊಂಡು ಬೇಕಾದಷ್ಟೇ ಡೀಸೆಲ್ ಚಿಮ್ಮುತ್ತೆ, ಗಾಳಿಯಿಂದ ಡೀಸೆಲ್ ಲೆಕ್ಕ ಹಾಕೋ ಆಪ್ ತೋರ್ಸೋ ನಂಬರು ಬರೀ ಕಲ್ಪನೆ. ಕಾರ್ ನೇರವಾಗಿ ಫ್ಯೂಯೆಲ್ ರೇಟ್ ಕೊಡ್ತಿದ್ರೆ ಮಾತ್ರ ನಂಬಿ.

ಈಗ ಡ್ಯಾಶ್‌ಬೋರ್ಡ್. ನೋಡೋಕೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಲಾಗಿನ್ ಆದ ಕೂಡ್ಲೇ ದೊಡ್ಡ ಅಕ್ಷರದಲ್ಲಿ ‘ಈ ತಿಂಗಳ ಉಳಿತಾಯ’ ಅಂತ ಒಂದು ಶೇಕಡಾ, ಪಕ್ಕದಲ್ಲಿ ಹಸಿರು ಬಾಣ, ಕೆಳಗೆ ರೂಪಾಯಿ ಮೊತ್ತ, ಎಷ್ಟು ಮರ ನೆಟ್ಟಂಗಾಯ್ತು ಅನ್ನೋದೂ ಉಂಟು. ಸೆಪ್ಟೆಂಬರ್‌ಗಿಂತ ಅಕ್ಟೋಬರ್‌ನಲ್ಲಿ ಬಾಣ ಜೋರಾಗಿ ಮೇಲೆ ಹೋಗಿತ್ತು, ಕಂಪನಿಯ ಹುಡುಗ ಖುಷಿಯಿಂದ ಬಂದು ರಿನ್ಯೂವಲ್ ಮಾತು ಎತ್ತಿದ. ಸಾವ್ಕಾರ್ರು ಅವನಿಗೆ ಚಹಾ ಕೊಟ್ಟು ಕಳ್ಸಿ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು: ‘ತಮ್ಮಾ, ಮಳಿಯಾಗ ತುಂಬ ಸ್ಟೀಲ್ ಹೇರ್ಕೊಂಡು ಘಾಟ್ ಹತ್ತಿದ್ವು. ಮಳಿ ನಿಂತೈತಿ, ಮಾಲ್ ಅರ್ಧಾ ಐತಿ. ಡೀಸೆಲ್ ಕಡಿಮಿ ಆಗದ ಏನ್ ಆಗತೈತಿ? ಇದ್ರಾಗ ಇವರ ಪಾಲು ಎಷ್ಟು, ಅದನ್ನ ಕೇಳು.’

ಕೇಳ್ದೆ. ಉತ್ತರ ಏನಂದ್ರೆ ಆ ಶೇಕಡಾ ಬರೀ ಹಿಂದಿನ ತಿಂಗಳ ಸರಾಸರಿ ಮೈಲೇಜು, ಈ ತಿಂಗಳ ಸರಾಸರಿ ಮೈಲೇಜು, ಎರಡರ ವ್ಯತ್ಯಾಸ. ಲೋಡ್ ಇಲ್ಲ, ರೂಟ್ ಇಲ್ಲ, ಮಳೆ ಇಲ್ಲ. ಇಂಜಿನ್‌ಗೆ ಗೊತ್ತಿರೋ ಎಲ್ಲವೂ ಅವರ ಸರ್ವರಲ್ಲಿ ಇದೆ, ಆದ್ರೆ ಗಾಡಿಯಲ್ಲಿ ಏನಿತ್ತು ಅನ್ನೋದು ಮಾತ್ರ ಇಲ್ಲ.

ಅದಕ್ಕಿಂತ ಕೆಟ್ಟದ್ದು ಸರಾಸರಿಯನ್ನೇ ತಪ್ಪಾಗಿ ತೆಗೀತಾರೆ. ಪ್ರತಿ ಟ್ರಿಪ್ಪಿನ ಕಿಲೋಮೀಟರ್ ಪರ್ ಲೀಟರ್ ತಗೊಂಡು ಕೂಡ್ಸಿ ಭಾಗಿಸ್ತಾರೆ. ಒಂದು ಲೆಕ್ಕ ನೋಡಿ. ಗಾಡಿ ಲೋಡಾಗಿ 100 ಕಿಮೀ ಏರ್ತಾ ಲೀಟರ್‌ಗೆ 4 ಕಿಮೀ ಎವರೇಜ್ ಕೊಡ್ತು, ಖಾಲಿ ಇಳೀತಾ 100 ಕಿಮೀ 12 ಕೊಡ್ತು ಅನ್ಕೊಳ್ಳಿ. ಡ್ಯಾಶ್‌ಬೋರ್ಡ್ ಪ್ರಕಾರ ಸರಾಸರಿ 8. ನಿಜಕ್ಕೂ ಏರೋದಕ್ಕೆ 25 ಲೀಟರ್, ಇಳಿಯೋದಕ್ಕೆ ಎಂಟೂ ಚಿಲ್ಲರೆ, ಒಟ್ಟು 200 ಕಿಮೀಗೆ 33 ಲೀಟರ್ ಮೇಲೆ, ಅಂದ್ರೆ ಎವರೇಜ್ 6. ಎಂಟಕ್ಕೂ ಆರಕ್ಕೂ ಎಷ್ಟು ದೂರ ನೋಡಿ! ಖಾಲಿ ಇಳಿಯೋ ಟ್ರಿಪ್ಪು ನಾಲ್ಕು ಜಾಸ್ತಿ ಆದ್ರೆ ಸಾಕು, ಡೀಸೆಲ್ ಒಂದು ಹನಿ ಉಳೀದೇ ಬಾಣ ಹಸಿರಾಗುತ್ತೆ. ಒಟ್ಟು ಕಿಲೋಮೀಟರ್ ಭಾಗಿಸು ಒಟ್ಟು ಲೀಟರ್, ಇದೊಂದೇ ಸರಿಯಾದ ಸರಾಸರಿ, ಇಷ್ಟು ದುಡ್ಡು ತಗೊಳ್ಳೋ ಸಾಫ್ಟ್‌ವೇರ್‌ಗೆ ಇದು ಗೊತ್ತಿರಬೇಕಿತ್ತು.

ಘಾಟ್ ಎಷ್ಟು ತಿನ್ನುತ್ತೆ ಅನ್ನೋದನ್ನ ಪಿಯುಸಿ ಫಿಸಿಕ್ಸಲ್ಲೇ ಲೆಕ್ಕ ಹಾಕ್ಬೋದು. ಕಳಂಬೋಲಿ ಸಮುದ್ರ ಮಟ್ಟ, ಖಂಡಾಳಾ ಲೋಣಾವಳಾ ಸುಮಾರು 600 ಮೀಟರ್ ಮೇಲೆ. ಗಾಡಿ ಮಾಲು ಸೇರಿ 10 ಟನ್ ಇದ್ರೆ ಅಷ್ಟನ್ನ ಬರೀ ಮೇಲಕ್ಕೆ ಎತ್ತೋಕೆ ಸುಮಾರು 59 ಮೆಗಾಜೌಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲಲ್ಲಿ 36 ಮೆಗಾಜೌಲ್ ಇರುತ್ತೆ, ಇಂಜಿನ್ ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಚಕ್ರಕ್ಕೆ ಮುಟ್ಟಿಸುತ್ತೆ. ಹತ್ರ ಹತ್ರ ನಾಲ್ಕೂವರೆ ಲೀಟರ್ ಆಯ್ತು, ಬರೀ ಎತ್ತರಕ್ಕೆ. ರಸ್ತೆ, ಗಾಳಿ, ಬ್ರೇಕ್ ಎಲ್ಲ ಬೇರೆ. ಇಳೀತಾ ಇದು ವಾಪಸ್ ಬರಲ್ಲ, ಬ್ರೇಕ್ ಲೈನರಲ್ಲಿ ಬಿಸಿಯಾಗಿ ಹೋಗುತ್ತೆ. ಎಕ್ಸ್‌ಪ್ರೆಸ್‌ವೇ ಉದ್ದವೇ 94.5 ಕಿಮೀ, ಅದರಲ್ಲಿ ಲೋಡಾಗಿ ಏರಿದ್ದಾ ಇಳಿದಿದ್ದಾ ಅನ್ನೋದು ಗೊತ್ತಿಲ್ಲದೆ ಮೈಲೇಜ್ ಸುಧಾರಿಸ್ತು ಅಂತ ಹೇಳೋದು ಹೇಗೆ? ಬಾಟ್ಲಿ ಮಾರೋನು ಹೇಳೋ ಶೇಕಡಾ ಐದು ಈ ನಾಲ್ಕೂವರೆ ಲೀಟರ್ ಮುಂದೆ ಎಲ್ಲೋ ಮುಳುಗಿ ಹೋಗುತ್ತೆ.

ಬ್ರೋಷರ್ ನಂಬರ್ ಇಟ್ಕೊಂಡು ಹೋಲಿಸೋರೂ ಇದ್ದಾರೆ. ನಮ್ಮ ಪುಣೆ ಕೋಥರೂಡ್ ಗುಡ್ಡದಲ್ಲೇ ಎಆರ್‌ಎಐ ಅನ್ನೋ ಗಾಡಿ ಪರೀಕ್ಷೆ ಸಂಸ್ಥೆ ಇದೆ, 1966ರಿಂದ, ಕಾರಿನ ಜಾಹೀರಾತಲ್ಲಿ ಬರೋ ಮೈಲೇಜ್ ಇಂಥ ಕಡೆ ರೋಲರ್ ಮೇಲೆ ಓಡ್ಸಿ ಅಳೆದದ್ದು, ಟ್ರಕ್ಕುಗಳ ಸರ್ಕಾರಿ ಮಾನದಂಡ ಇರೋದು ಗಂಟೆಗೆ 40 ಇಲ್ಲಾ 60 ಕಿಮೀಯಲ್ಲಿ, ವೇಗ ಬದಲಾಯಿಸ್ದೆ ಓಡ್ಸಿ ಅಳೆದದ್ದರ ಮೇಲೆ. ಗಾಡಿಗೆ ಗಾಡಿ ಹೋಲಿಸೋಕೆ ಅದು ಸರಿ. ವಾಕಡ್ ಸಿಗ್ನಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದ್ರೆ ನಾವು ಮಾಡಿದ್ದೇನು. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಮೂರು ಚುಕ್ಕೆ ಒತ್ತಿದ್ರೆ ಸಿಎಸ್‌ವಿ ಫೈಲ್ (ಎಕ್ಸೆಲಲ್ಲಿ ತೆರೆಯೋ ಬರೀ ಡೇಟಾದ ಪಟ್ಟಿ) ಇಳಿಸ್ಕೊಳ್ಳೋ ಬಟನ್ ಇದೆ. ಟ್ರಿಪ್ ಒಂದಕ್ಕೆ ಒಂದು ಸಾಲು: ಎಲ್ಲಿಂದ ಎಲ್ಲಿಗೆ, ಕಿಲೋಮೀಟರ್, ಲೀಟರ್, ಇಂಜಿನ್ ಆನ್ ಇದ್ದು ಗಾಡಿ ನಿಂತಿದ್ದ ನಿಮಿಷ. ಅದನ್ನ ಗೂಗಲ್ ಶೀಟ್ಸ್‌ಗೆ ಹಾಕಿ ಪಕ್ಕದಲ್ಲಿ ನಮ್ಮದೇ ಕಾಲಂ ಸೇರ್ಸಿದ್ವಿ. ಬಿಲ್ಟಿಯಿಂದ (ಮಾಲು ಸಾಗ್ಸೋ ರಸೀದಿ) ಮಾಲಿನ ತೂಕ, ಸ್ಟೀಲ್ ಆದ್ರೆ ವಜನ್ ಕಾಟಾ ಚೀಟಿಯಿಂದ. ಫಾಸ್ಟ್ಯಾಗ್ ಸ್ಟೇಟ್‌ಮೆಂಟಿಂದ ಖಾಲಾಪುರ, ತಳೇಗಾವ್ ಟೋಲ್ ದಾಟಿದ ಟೈಮು, ಇದರಿಂದ ಯಾವ ದಿಕ್ಕು, ಎಕ್ಸ್‌ಪ್ರೆಸ್‌ವೇ ಮೇಲೆ ಹೋದ್ನಾ ಹಳೇ ರೋಡಾ ಅನ್ನೋದು ಗೊತ್ತಾಗುತ್ತೆ. ಡೀಸೆಲ್ ಫ್ಲೀಟ್ ಕಾರ್ಡಿನ ತಿಂಗಳ ಸ್ಟೇಟ್‌ಮೆಂಟು ತಾಳೆಗೆ. ಇವೆಲ್ಲ ಹೇಗೂ ಆಫೀಸಲ್ಲಿ ಬಿದ್ದಿರೋ ಕಾಗದಗಳೇ, ಒಂದೇ ಶೀಟಲ್ಲಿ ಕೂರ್ಸೋದು ಮಾತ್ರ ಹೊಸ ಕೆಲಸ, ಮತ್ತೆ ಬೇಜಾರಿನ ಕೆಲಸ, ಗಾಡಿ ನಂಬರ್ ಒಬ್ಬೊಬ್ರು ಒಂದೊಂದು ಥರ ಬರೆದಿರ್ತಾರೆ, ನಡುವೆ ಸ್ಪೇಸ್ ಇದೆಯೋ ಇಲ್ವೋ ಅನ್ನೋದ್ರ ಮೇಲೆ ಅರ್ಧ ದಿನ ಹೋಗುತ್ತೆ.

ಆಮೇಲೆ ಲೈನ್‌ಎಸ್ಟ್ (LINEST). ಇದು ಗೂಗಲ್ ಶೀಟ್ಸಲ್ಲೂ ಎಕ್ಸೆಲ್ಲಲ್ಲೂ ಫ್ರೀಯಾಗಿ ಇರೋ ಫಾರ್ಮುಲಾ, ರಿಗ್ರೆಶನ್ ಮಾಡುತ್ತೆ. ಒಂದು ಕಡೆ ಲೀಟರ್ ಕೊಡಿ, ಇನ್ನೊಂದು ಕಡೆ ಕಿಲೋಮೀಟರ್, ಟನ್ ಕಿಲೋಮೀಟರ್ (ತೂಕ ಗುಣಿಸು ದೂರ), ನಿಂತ ಗಂಟೆ, ಘಾಟ್ ಏರಿದ ಟನ್ನು ಇವನ್ನ ಕೊಡಿ. ಒಂದು ಕಿಲೋಮೀಟರ್‌ಗೆ ಎಷ್ಟು ಡೀಸೆಲ್, ಒಂದು ಟನ್ ಜಾಸ್ತಿ ಆದ್ರೆ ಎಷ್ಟು, ಒಂದು ಗಂಟೆ ಸುಮ್ನೆ ನಿಂತ್ರೆ ಎಷ್ಟು ಅಂತ ಬೇರೆ ಬೇರೆ ಬಿಡಿಸಿ ಕೊಡುತ್ತೆ. ಎರಡು ವಿಷಯ ನೆನಪಿಡಿ. ಉತ್ತರಗಳು ನೀವು ಕೊಟ್ಟ ಕಾಲಂಗಳ ಉಲ್ಟಾ ಕ್ರಮದಲ್ಲಿ ಬರುತ್ತೆ, ಕೊನೇ ಕಾಲಂದು ಮೊದ್ಲು. ಮತ್ತೆ ಫಾರ್ಮುಲಾದ ನಾಲ್ಕನೇ ಜಾಗದಲ್ಲಿ ಟ್ರೂ ಅಂತ ಹಾಕಿ, ಆಗ ಎರಡನೇ ಸಾಲಲ್ಲಿ ಪ್ರತಿ ಉತ್ತರ ಎಷ್ಟು ಅಲುಗಾಡ್ತಿದೆ ಅನ್ನೋದೂ ಬರುತ್ತೆ. ಆ ಅಲುಗಾಟ ಉತ್ತರದಷ್ಟೇ ದೊಡ್ಡದಿದ್ರೆ ಆ ಉತ್ತರ ಇಲ್ಲ ಅಂತಲೇ ಲೆಕ್ಕ.

ಹೊಸದೇನೂ ಹಾಕ್ಸದ ತಿಂಗಳುಗಳ ಮೇಲೆ ಈ ಲೆಕ್ಕ ಕಟ್ಟಬೇಕು, ಅದು ಬೇಸ್‌ಲೈನ್. ಬಾಟ್ಲಿ ಹಾಕಿದ್ಮೇಲೆ, ಹುಡ್ ಹಾಕಿದ್ಮೇಲೆ ಬರೋ ಪ್ರತಿ ಟ್ರಿಪ್ಪಿಗೂ ‘ಹಳೇ ಗಾಡಿ ಆಗಿದ್ರೆ ಇದೇ ಲೋಡಿಗೆ ಇದೇ ರೂಟಿಗೆ ಎಷ್ಟು ಕುಡೀತಿತ್ತು’ ಅಂತ ಬೇಸ್‌ಲೈನ್ ಹೇಳುತ್ತೆ, ಅದರಿಂದ ನಿಜವಾಗಿ ಕುಡಿದದ್ದನ್ನ ಕಳೀರಿ. ಕಾರ್ಖಾನೆಗಳಲ್ಲಿ ಕರೆಂಟ್ ಉಳಿತಾಯ ಲೆಕ್ಕ ಹಾಕೋರು ಐಪಿಎಂವಿಪಿ ಅಂತ ಒಂದು ಅಂತರರಾಷ್ಟ್ರೀಯ ಪದ್ಧತಿ ಇಟ್ಕೊಂಡಿದ್ದಾರೆ, ಅದರ ಸಾರವೂ ಇದೇ. ಈ ವ್ಯತ್ಯಾಸಗಳನ್ನ ದಿನದಿಂದ ದಿನಕ್ಕೆ ಕೂಡಿಸ್ಕೊಂಡು ಹೋಗಿ ಒಂದು ಗೆರೆ ಎಳೆದ್ರೆ ಅದಕ್ಕೆ ಕ್ಯುಸಮ್ ಗ್ರಾಫ್ ಅಂತಾರೆ. ಏನೂ ಬದಲಾಗಿಲ್ಲ ಅಂದ್ರೆ ಗೆರೆ ಸೊನ್ನೆ ಹತ್ರ ತೂಗಾಡ್ತಾ ಇರುತ್ತೆ, ನಿಜವಾದ ಉಳಿತಾಯ ಶುರುವಾದ ದಿನದಿಂದ ಗೆರೆ ಬಾಗಿ ಒಂದೇ ಕಡೆ ಹೊರಡುತ್ತೆ. ಸಾವ್ಕಾರ್ರಿಗೆ ರಿಗ್ರೆಶನ್ ಬೇಡ, ಈ ಗೆರೆ ತೋರ್ಸಿದ್ರೆ ಸಾಕು, ‘ಇಲ್ಲಿಂದ ಬಾಗೈತಿ’ ಅಂತ ಅವರೇ ಬೆರಳಿಡ್ತಾರೆ.

ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್ ಸಾಕಲ್ವಾ ಅಂತ ಕೇಳೋರಿಗೆ: ಸಾಕು, ಆದ್ರೆ ತಾಳ್ಮೆ ಇದ್ರೆ. ಪಂಪಿನ ನಳಿಕೆ ಆಟೋ ಕಟ್ ಆಗೋ ಜಾಗ ಪ್ರತಿ ಸಲ ಒಂದೇ ಅಲ್ಲ, ಗಾಡಿ ಸ್ವಲ್ಪ ಓರೆ ನಿಂತ್ರೆ, ನೊರೆ ಎದ್ರೆ, ಎರಡು ಲೀಟರ್ ಹೆಚ್ಚು ಕಮ್ಮಿ. 60 ಲೀಟರ್ ತುಂಬ್ಸಿದಾಗ ಎರಡು ಲೀಟರ್ ಅಂದ್ರೆ ಶೇಕಡಾ 3ರ ಮೇಲೆ. ಶೇಕಡಾ 2 ಉಳಿಸ್ತೀನಿ ಅನ್ನೋ ಬಾಟ್ಲಿಯನ್ನ ಒಂದು ಟ್ಯಾಂಕಲ್ಲಿ ಪರೀಕ್ಷೆ ಮಾಡೋಕಾಗಲ್ಲ. ಅದೇ ಹತ್ತು ಸಲ ತುಂಬ್ಸಿ 600 ಲೀಟರ್ ಒಟ್ಟಿಗೆ ಲೆಕ್ಕ ಹಾಕಿದ್ರೆ ತಪ್ಪು ಮೊದಲ ಮತ್ತು ಕೊನೇ ತುಂಬಿಕೆಯಲ್ಲಿ ಮಾತ್ರ ಉಳಿಯುತ್ತೆ, ಶೇಕಡಾ ಮೂರನೇ ಒಂದಂಶಕ್ಕೆ ಇಳಿಯುತ್ತೆ. ನಮ್ಮ ಲೈನಲ್ಲಿ ಇನ್ನೊಂದು ತೊಡಕು, ಗಡಿಯ ಯಾವ ಕಡೆ ಡೀಸೆಲ್ ಅಗ್ಗ ಇದೆಯೋ ಆ ಕಡೆ ತುಂಬ್ಸೋದು ಡ್ರೈವರ್‌ಗಳ ರೂಢಿ, ನಿಪ್ಪಾಣಿ ಮುಟ್ಟೋವರೆಗೂ ಮುಳ್ಳು ಕೆಳಗಿಳಿಸ್ಕೊಂಡು ಹೋಗ್ತಾರೆ, ಹಾಗಾಗಿ ಪಂಪು ಬೇರೆ, ಹೊತ್ತು ಬೇರೆ. ಡೀಸೆಲ್ ಬಿಸಿಗೆ ಹಿಗ್ಗುತ್ತೆ, ಒಂದು ಡಿಗ್ರಿಗೆ ಶೇಕಡಾ 0.08ರಷ್ಟು. 15 ಡಿಗ್ರಿ ವ್ಯತ್ಯಾಸ ಇದ್ರೆ ಶೇಕಡಾ 1ರ ಮೇಲಾಯ್ತು.

ಈಗ ಪರೀಕ್ಷೆಗಳ ಫಲ. ಬಾಟ್ಲಿಗೆ ನಾವು ಒಂದೇ ಮಾಡೆಲಿನ ಎರಡು ಗಾಡಿ ಒಂದೇ ಲೈನಿಗೆ ಬಿಟ್ವಿ, ಒಂದಕ್ಕೆ ಬಾಟ್ಲಿ, ಇನ್ನೊಂದಕ್ಕೆ ಏನೂ ಇಲ್ಲ. ಡ್ರೈವರ್‌ಗಳಿಗೆ ಹೇಳಿಲ್ಲ, ಹೇಳಿದ್ರೆ ಪಾಪ ಅವ್ರು ಜೋಪಾನವಾಗಿ ಓಡಿಸ್ತಾರೆ. ಆಮೇಲೆ ಅದಲು ಬದಲು. ಈ ಉಪಾಯ ನಮ್ದಲ್ಲ, ಜೆ1321 ಅಂತ ಅಮೆರಿಕದ ಟ್ರಕ್ ಪರೀಕ್ಷೆಯ ಕ್ರಮ ಇದೆ, ಅಲ್ಲಿ ಏನೂ ಬದಲಾಯಿಸದ ಕಂಟ್ರೋಲ್ ಗಾಡಿ ಯಾವಾಗ್ಲೂ ಜೊತೆಗೇ ಓಡುತ್ತೆ, ಡೀಸೆಲ್ಲನ್ನ ಲೀಟರಲ್ಲಲ್ಲ, ಟ್ಯಾಂಕ್ ಬಿಚ್ಚಿ ತೂಕ ಹಾಕಿ ಅಳೀತಾರೆ, ಎರಡು ಗಾಡಿಯ ಅನುಪಾತ ನೋಡ್ತಾರೆ. ಮಳೆ ಬಂದ್ರೆ ಇಬ್ರಿಗೂ ಬರುತ್ತೆ, ಟ್ರಾಫಿಕ್ ಇದ್ರೆ ಇಬ್ರಿಗೂ ಇರುತ್ತೆ, ಅನುಪಾತದಲ್ಲಿ ಅದು ಹೊಡೆದು ಹೋಗುತ್ತೆ. ನಮ್ಮದು ಅಷ್ಟು ಶಾಸ್ತ್ರೋಕ್ತ ಅಲ್ಲ, ಟ್ಯಾಂಕ್ ಬಿಚ್ಚೋರು ಯಾರು, ಆದ್ರೂ ಅನುಪಾತ ಒಂದಿಷ್ಟೂ ಕದಲಲಿಲ್ಲ. ಬಾಟ್ಲಿ ವಾಪಸ್. ಅಮೆರಿಕದ ಪರಿಸರ ಸಂಸ್ಥೆ ಇಪಿಎ ನೂರಕ್ಕೂ ಹೆಚ್ಚು ಇಂಥ ಇಂಧನ ಉಳಿಸೋ ಸಾಧನಗಳನ್ನ ನೋಡಿ, ಹೇಳ್ಕೊಳ್ಳೋವಂಥ ಉಳಿತಾಯ ಒಂದರಲ್ಲೂ ಕಂಡಿಲ್ಲ ಅಂದಿದೆ, ಹಾಗಾಗಿ ನಮಗೇನೂ ಆಶ್ಚರ್ಯ ಆಗ್ಲಿಲ್ಲ.

ಹುಡ್ ವಿಷಯ ಮಜಾ ಇದೆ. ಮುಂಬಯಿ ಲೈನಿನ ಗಾಡಿಯಲ್ಲಿ ಲಾಭ ಕಾಣ್ಲಿಲ್ಲ, ಹುಬ್ಬಳ್ಳಿ ಲೈನಿನ ಕ್ಲೋಸ್ಡ್ ಬಾಡಿ ಗಾಡಿಯಲ್ಲಿ ಗೆರೆ ಬಾಗ್ತು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ, ಘಾಟಲ್ಲಿ ಎರಡನೇ ಗೇರಲ್ಲಿ ತೆವಳೋ ಗಾಡಿಗೆ ಹುಡ್ ಬರೀ ಅಲಂಕಾರ, ಕಾಗಲ್ ದಾಟಿ ನೇರ ರಸ್ತೆಯಲ್ಲಿ ಎತ್ತರದ ಡಬ್ಬಾ ಇಟ್ಕೊಂಡು ಓಡೋ ಗಾಡಿಗೆ ಅದು ಕೆಲಸ ಮಾಡುತ್ತೆ. ಎಲ್ಲಾ ಗಾಡಿ ಒಟ್ಟಿಗೆ ಸೇರ್ಸಿ ಒಂದೇ ಶೇಕಡಾ ತೋರ್ಸೋ ಡ್ಯಾಶ್‌ಬೋರ್ಡಲ್ಲಿ ಇದು ಯಾವತ್ತೂ ಕಾಣ್ತಿರ್ಲಿಲ್ಲ. ಟೈರಿನ ವಿಷಯದಲ್ಲಿ ರೇಡಿಯಲ್ ಬಗ್ಗೆ ಇನ್ನೂ ಲೆಕ್ಕ ನಡೀತಿದೆ. ಆದ್ರೆ ಬೆಳಿಗ್ಗೆ ಟೈರ್ ತಣ್ಣಗಿರೋವಾಗ ಹವಾ ನೋಡೋದನ್ನ ಕಡ್ಡಾಯ ಮಾಡಿದ್ಮೇಲೆ ಎರಡೂ ಲೈನಲ್ಲಿ ಗೆರೆ ಬಾಗಿದ್ದು ಕಾಣ್ತು, ಖರ್ಚು ಹತ್ರ ಹತ್ರ ಸೊನ್ನೆ. ಹೆಚ್ಚು ಬಾಗಿದ್ದು ಐಡ್ಲಿಂಗ್, ಅಂದ್ರೆ ಇಂಜಿನ್ ಆನ್ ಇಟ್ಟು ಸುಮ್ನೆ ನಿಲ್ಲೋದು, ಕಡಿಮೆ ಮಾಡಿದ್ಮೇಲೆ. ಕಳಂಬೋಲಿ ಸ್ಟೀಲ್ ಮಾರ್ಕೆಟ್ ಕ್ಯೂ, ನ್ಹಾವಾ ಶೇವಾ ಬಂದರಿನ ಗೇಟು, ಅಲ್ಲಿ ಗಂಟೆಗಟ್ಲೆ ಇಂಜಿನ್ ಆನ್ ಇಟ್ಕೊಂಡು ನಿಲ್ತಿದ್ರು, ನಮ್ಮ ಗಾಡಿಗಳು ಗಂಟೆಗೆ ಒಂದು ಲೀಟರ್ ಆಸುಪಾಸು ಕುಡೀತವೆ. ಇದೊಂದನ್ನ ತೋರ್ಸೋದ್ರಲ್ಲಿ ಡ್ಯಾಶ್‌ಬೋರ್ಡ್ ಪ್ರಾಮಾಣಿಕ, ನಿಂತ ನಿಮಿಷ ಅಂದ್ರೆ ನಿಂತ ನಿಮಿಷ. ಮುಂದೆ ಹೊಸ ಗಾಡಿ ತಗೊಂಡಾಗ ಇದನ್ನ ಬೇರೆ ಲೆಕ್ಕ ಇಡ್ಬೇಕು, 2025ರ ಅಕ್ಟೋಬರ್‌ನಿಂದ ತಯಾರಾಗೋ ಟ್ರಕ್ಕುಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ, ಮೇ ತಿಂಗಳ ಕಳಂಬೋಲಿ ಬಿಸಿಲಲ್ಲಿ ಎಸಿ ಹಾಕ್ಕೊಂಡು ಕೂತೋನನ್ನ ಬೈಯೋದು ನ್ಯಾಯ ಅಲ್ಲ.

ಬಿಎಸ್ 6 ಗಾಡಿ ಇಟ್ಕೊಂಡೋರು ಯೂರಿಯಾ ಲೆಕ್ಕ ಮರೀಬೇಡಿ, ಹೊಗೆ ಶುದ್ಧ ಮಾಡೋಕೆ ಹಾಕೋ ಡಿಇಎಫ್ ದ್ರವಕ್ಕೆ ನಮ್ಮ ಹುಡುಗ್ರು ಯೂರಿಯಾ ಅಂತಾನೇ ಅನ್ನೋದು. ಡೀಸೆಲ್ಲಿನ ಶೇಕಡಾ 3ರಿಂದ 5ರಷ್ಟು ಅದೂ ಹೋಗುತ್ತೆ, ಡ್ಯಾಶ್‌ಬೋರ್ಡಿನ ಉಳಿತಾಯದ ರೂಪಾಯಲ್ಲಿ ಅದು ಇಲ್ಲವೇ ಇಲ್ಲ. ಸೈಲೆನ್ಸರ್‌ನ ಫಿಲ್ಟರ್ ತನ್ನನ್ನ ತಾನೇ ಸುಟ್ಟು ಕ್ಲೀನ್ ಮಾಡ್ಕೊಳ್ಳುತ್ತಲ್ಲ, ರೀಜೆನ್, ಆಗ ಗಾಡಿ ಕಾರಣ ಇಲ್ದೆ ಡೀಸೆಲ್ ಕುಡಿದಂಗೆ ಕಾಣುತ್ತೆ, ಆ ಟ್ರಿಪ್ಪುಗಳನ್ನ ಗುರುತು ಹಾಕಿಡಿ.

ಡ್ರೈವರ್ ರ‍್ಯಾಂಕಿಂಗ್ ಬಗ್ಗೆ ಸ್ವಲ್ಪ ಸಿಟ್ಟಿದೆ ನನಗೆ. ಮೊದಲ ತಿಂಗಳು ಆ ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಅಂತ ಕಂಪನಿಯವ್ರೇ ಸಲಹೆ ಕೊಟ್ರು. ಕೊನೇ ಸ್ಥಾನದಲ್ಲಿ ನಮ್ಮ ಅತಿ ಹಳೇ ಡ್ರೈವರ್, ಇಂಡಿ ತಾಲೂಕಿನವ್ರು, ಇಪ್ಪತ್ತು ವರ್ಷದ ಮೇಲೆ ಸ್ಟೀರಿಂಗ್ ಹಿಡಿದ ಕೈ. ಅವ್ರು ಜಗಳ ಮಾಡ್ಲಿಲ್ಲ, ಪಟ್ಟಿ ನೋಡಿ ಇಷ್ಟೇ ಅಂದ್ರು: ‘ಸರ, ನನಗ ದಿನಾ ಕಳಂಬೋಲಿ ಸ್ಟೀಲ್ ಹಾಕ್ತೀರಿ, ಅವಗ ಚಾಕಣ ಡಬ್ಬಾ. ಎವರೇಜ್‌ದಾಗ ನಾ ಲಾಸ್ಟ್ ಬರಲಾರ್ದ ಮತ್ಯಾರ್ ಬರ್ಬೇಕ್ರಿ?’ ಲೋಡ್ ಮತ್ತು ಘಾಟ್ ಕಳೆದು ಲೆಕ್ಕ ಹಾಕಿದ್ರೆ ಆ ಮನುಷ್ಯ ಮೇಲಿನವ್ರಲ್ಲೊಬ್ರು. ಈ ಪಟ್ಟಿ ನೋಡ್ಕೊಂಡು ಭತ್ತೆ, ಇನಾಮು ಹಂಚೋ ಮಾಲೀಕರು ಎಷ್ಟೋ ಜನ ಇರ್ತಾರೆ, ಅಲ್ಲಿ ಒಳ್ಳೇ ಡ್ರೈವರ್ ಕೆಲಸ ಬಿಟ್ಟು ಹೋದ್ರೆ ಅದರ ನಷ್ಟ ಯಾವ ಗ್ರಾಫಲ್ಲೂ ಬರಲ್ಲ. ನಾವು ಪಟ್ಟಿ ಅಂಟಿಸ್ಲಿಲ್ಲ. ಇನಾಮು ಈಗ ಬೇಸ್‌ಲೈನ್ ಲೆಕ್ಕದ ಮೇಲೆ, ಪ್ರತಿ ಟ್ರಿಪ್ಪಿಗೆ ಇಷ್ಟು ಡೀಸೆಲ್ ಅಂತ ಲೋಡ್ ನೋಡಿ ಹೇಳ್ತೀವಿ, ಅದಕ್ಕಿಂತ ಉಳಿಸಿದ್ರೆ ಪಾಲು.

ಇದರ ಜೊತೆ ಸೇರಿದ್ದೇ ಇನ್ನೊಂದು ಮೋಸ. ಮೋಸ ಅಂದ್ರೆ ಯಾರೋ ಬೇಕಂತ ಮಾಡಿದ್ದಲ್ಲ, ನಂಬರುಗಳ ಸ್ವಭಾವ. ಕಂಪನಿಯವ್ರು ಟ್ರಯಲ್‌ಗೆ ಯಾವಾಗ್ಲೂ ‘ನಿಮ್ಮ ಅತಿ ಕೆಟ್ಟ ಎವರೇಜಿನ ಗಾಡಿ ಕೊಡಿ’ ಅಂತಾರೆ. ಯಾವ ಗಾಡಿಯದ್ದೇ ಆಗ್ಲಿ ಒಂದು ಕೆಟ್ಟ ತಿಂಗಳು ಬಂದ್ರೆ ಮುಂದಿನ ತಿಂಗಳು ಏನೂ ಮಾಡದಿದ್ರೂ ಸ್ವಲ್ಪ ಸುಧಾರಿಸುತ್ತೆ, ಆ ತಿಂಗಳು ಕೆಟ್ಟದಾಗಿದ್ದೇ ಎಲ್ಲಾ ತೊಂದ್ರೆ ಒಟ್ಟಿಗೆ ಬಂದಿದ್ರಿಂದ. ಆ ಸುಧಾರಣೆ ಯಂತ್ರದ ಖಾತೆಗೆ ಜಮಾ ಆಗುತ್ತೆ. ಟ್ರಯಲ್‌ಗೆ ಗಾಡಿ ಕೊಡೋದಾದ್ರೆ ಚೀಟಿ ಎತ್ತಿ ಕೊಡಿ.

ಸರ್ವಿಸ್ ಪರವಾಗಿಲ್ಲ. ಫೋನ್ ಎತ್ತುತ್ತಾರೆ, ಹಿಂದಿ ಮರಾಠಿಯಲ್ಲಿ ಚೆನ್ನಾಗಿ ಮಾತಾಡ್ತಾರೆ, ಸಿಮ್ ಕೆಟ್ಟು ಒಂದು ಗಾಡಿ ಮ್ಯಾಪಿಂದ ಮಾಯವಾದಾಗ ಬಂದು ಸರಿ ಮಾಡ್ಕೊಟ್ರು. ಡ್ರೈವರ್ ಆಪಲ್ಲಿ ಕನ್ನಡ ಇಲ್ಲ, ಇದ್ದಿದ್ರೆ ನಮ್ಮ ಹುಡುಗ್ರಿಗೆ ಅನುಕೂಲ ಆಗ್ತಿತ್ತು. ಖಂಡಾಳಾ ಸುರಂಗಗಳ ಹತ್ರ ಸಿಗ್ನಲ್ ಹೋದ್ರೆ ಡಬ್ಬಿ ಡೇಟಾ ಇಟ್ಕೊಂಡಿದ್ದು ಆಮೇಲೆ ಕಳಿಸುತ್ತೆ, ಟ್ರಿಪ್ ಅರ್ಧಕ್ಕೆ ಮುರಿಯಲ್ಲ, ಇದು ಸಣ್ಣದು ಅನ್ಸಿದ್ರೂ ನಮ್ಮ ರೂಟಿಗೆ ದೊಡ್ಡದು.

ನಿಮ್ಮ ಹತ್ರ ಎರಡು ಮೂರು ಗಾಡಿ ಮಾತ್ರ ಇದ್ರೆ ಫ್ಲೀಟ್ ಕಾರ್ಡು, ಬಿಲ್ಟಿ, ಒಂದು ಗೂಗಲ್ ಶೀಟು, ಫುಲ್ ಟ್ಯಾಂಕ್ ಶಿಸ್ತು ಇಷ್ಟೇ ಸಾಕು, ಈ ಖರ್ಚೇ ಬೇಡ. ಅದಕ್ಕಿಂತ ಜಾಸ್ತಿ ಇದ್ದು ಸೇಲ್ಸ್ ಹುಡುಗ ಮನೆ ಬಾಗ್ಲಿಗೆ ಬಂದಿದ್ರೆ ಕೇಳೋದು ಮೂರು: ಟ್ರಿಪ್ ಲೆಕ್ಕದ ಪೂರ್ತಿ ಡೇಟಾ ಸಿಎಸ್‌ವಿಯಲ್ಲಿ ಸಿಗುತ್ತಾ, ಅದಕ್ಕೆ ಬೇರೆ ದುಡ್ಡಾ? ನಮ್ಮ ಬಿಎಸ್ 6 ಗಾಡಿಯ ಒಟ್ಟು ಡೀಸೆಲ್ ನಂಬರು, ಆ 250, ಓದೋಕಾಗುತ್ತಾ? ಒಪ್ಪಂದ ಮುಗಿದ್ಮೇಲೆ ಹಳೇ ಡೇಟಾ ಎಷ್ಟು ದಿನ ಇಟ್ಟಿರ್ತೀರಿ? ಮೊದಲನೇದಕ್ಕೆ ‘ಪಿಡಿಎಫ್ ರಿಪೋರ್ಟ್ ಸಿಗುತ್ತೆ ಸರ್’ ಅಂದ್ರೆ ಚಹಾ ಕೊಟ್ಟು ಕಳ್ಸಿ.

ನಾವು ರಿನ್ಯೂ ಮಾಡಿದ್ದು ಬೇಸಿಕ್ ಪ್ಲಾನ್, ಅನಲಿಟಿಕ್ಸ್ ತೆಗೆದ್ವಿ. ಹಸಿರು ಬಾಣ ಹೋಯ್ತು, ಎಕ್ಸ್‌ಪೋರ್ಟ್ ಇದೆ. ಹಳೇ ಬಿಎಸ್ 4 ಗಾಡಿಗಳ ರಾಡ್‌ಗಳನ್ನ ದೀಪಾವಳಿ ಲೋಡ್ ಮುಗಿದ್ಮೇಲೆ ಇನ್ನೊಂದ್ಸಲ ಕ್ಯಾಲಿಬ್ರೇಟ್ ಮಾಡಿಸ್ಬೇಕು, ಅದಕ್ಕೆ ಎಷ್ಟು ಕೇಳ್ತಾರೋ ನೋಡ್ಬೇಕು.